ಪೆಟ್ಟು ಕೆಳಗೆ, ಹೇಳಿದ್ದು ಹೊಟ್ಟೆನೋವು

ಸುಗ್ಗಿ ಮುಗಿದರೆ ರೋಣ, ನರಗುಂದ, ಗಜೇಂದ್ರಗಡದ ಊರುಗಳಲ್ಲಿ ಕಬಡ್ಡಿ, ಕ್ರಿಕೆಟ್ ಜೋರು. ಜಾತ್ರೆ ಬಂತೆಂದರೆ ಕುಸ್ತಿಯೂ ಇದ್ದದ್ದೇ. ರೇಡಿಗೆ ಹೋದ ಹುಡುಗನ ತೊಡೆಸಂದಿಗೆ ಮೊಣಕಾಲು ಬಡಿದರೆ ಆತ ಮಣ್ಣಲ್ಲಿ ಮುದುಡುತ್ತಾನೆ, ಸುತ್ತ ನಿಂತವರು ನಗುತ್ತಾರೆ. ಮನೆಗೆ ಬಂದು ಹೇಳುವುದು, ‘ಯವ್ವಾ, ಹೊಟ್ಟಿ ನೋಯಾಕತ್ತೈತಿ.’ ಪೂರ್ತಿ ಸುಳ್ಳಲ್ಲ. ವೃಷಣದ ನೋವು ಕಿಬ್ಬೊಟ್ಟೆಗೂ ಏರುತ್ತದೆ, ವಾಂತಿಯೂ ಆಗುತ್ತದೆ. ತಾಯಿ ಓಂಕಾಳು ಕೊಟ್ಟು ಮಲಗಿಸುತ್ತಾಳೆ. ಅಲ್ಲಿಗೆ ಒಂದು ರಾತ್ರಿ ಹೋಯಿತು.

ಬಹುಪಾಲು ಪೆಟ್ಟುಗಳು ಬರೀ ಬಾವು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಲಂಗೋಟಿಯ ಆಸರೆ, ನೋವಿನ ಗುಳಿಗೆ, ವಿಶ್ರಾಂತಿ ಸಾಕು. ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ತಾಸು ಕಳೆದರೂ ನೋವು ಇಳಿಯದಿದ್ದರೆ, ವೃಷಣದ ಚೀಲ ಊದಿ ಕಪ್ಪಿಟ್ಟರೆ, ಮೂತ್ರದಲ್ಲಿ ರಕ್ತ ಕಂಡರೆ ಆಸ್ಪತ್ರೆಯೇ ದಾರಿ. ವೃಷಣದ ಬಿಳಿ ಹೊದಿಕೆ ಹರಿದಿದ್ದರೆ ಮೂರು ದಿನದೊಳಗೆ ಹೊಲಿದರೆ ಹೆಚ್ಚಿನವು ಉಳಿಯುತ್ತವೆ. ರಕ್ತನಾಳದ ಹುರಿ ತಿರುಚಿಕೊಂಡಿದ್ದರೆ ಅಷ್ಟು ಪುರಸೊತ್ತಿಲ್ಲ. 12ರಿಂದ 18ರ ಪ್ರಾಯದಲ್ಲಿ ಇದು ಹೆಚ್ಚು. ಪೆಟ್ಟು ಒಮ್ಮೊಮ್ಮೆ ನೆಪವಷ್ಟೇ, ನಿದ್ದೆಯಲ್ಲೂ ತಿರುಚುವುದುಂಟು. ನೋವು ಶುರುವಾದ 6 ತಾಸಿನೊಳಗೆ ಬಿಡಿಸಿದರೆ ಹತ್ತರಲ್ಲಿ ಒಂಬತ್ತು ಉಳಿಯುತ್ತವೆ, 24 ತಾಸು ದಾಟಿದರೆ ಉಳಿಯುವುದು ಅಪರೂಪ.

ವೈದ್ಯರು ಒಳತೊಡೆ ಸವರಿ ನೋಡುತ್ತಾರೆ. ಸಾಮಾನ್ಯವಾಗಿ ಆಗ ವೃಷಣ ಮೇಲೇಳುತ್ತದೆ. ತಿರುಚಿದ್ದರೆ ಅಲುಗುವುದು ಕಡಿಮೆ. ಡಾಪ್ಲರ್ ಸ್ಕ್ಯಾನಿಂಗ್ ರಕ್ತದ ಹರಿವನ್ನು ತೋರಿಸುತ್ತದೆ. ಲಕ್ಷಣ ಸ್ಪಷ್ಟವಿದ್ದರೆ ಅದಕ್ಕೂ ಕಾಯದೆ ಆಪರೇಷನ್ ಮಾಡಬೇಕು. ತಿರುಚು ಬಿಡಿಸಿ, ಮರುಕಳಿಸದಂತೆ ಎರಡೂ ಕಡೆ ಹೊಲಿದು ನಿಲ್ಲಿಸುತ್ತಾರೆ.

ಗಜೇಂದ್ರಗಡದಿಂದ ಗದಗಿನ ಜಿಮ್ಸ್ ಆಸ್ಪತ್ರೆಗೆ, ನರಗುಂದದಿಂದ ಹುಬ್ಬಳ್ಳಿಗೆ 50 ಕಿ.ಮೀ.ಗೂ ಹೆಚ್ಚು. ರೋಣದಿಂದ ಗದಗ ತುಸು ಹತ್ತಿರ. ದಾರಿ ಒಂದೆರಡು ತಾಸಿನದು, ಸಮಯ ನುಂಗುವುದು ಮನೆಯೊಳಗಿನ ಸಂಕೋಚವೇ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ ಮುಂದೆ ಸಾಗಬೇಕು. ದಾರಿಯಲ್ಲಿ ಚಹಾ, ಚುರುಮರಿ ಕೊಡಬೇಡಿ. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕು.

ವೃಷಣ ತೆಗೆಯಬೇಕಾಗಿ ಬಂದರೆ ಮನೆಯವರು ಮೊದಲು ಕೇಳುವುದು ಮದುವೆ, ಮಕ್ಕಳ ಬಗ್ಗೆ. ಆರೋಗ್ಯವಾಗಿರುವ ಒಂದೇ ವೃಷಣ ಸಾಮಾನ್ಯವಾಗಿ ಎರಡಕ್ಕೂ ಸಾಕು. ಆದರೆ ಅಂಥವನು ಮತ್ತೆ ಅಂಗಳಕ್ಕಿಳಿಯುವಾಗ ಗಾರ್ಡ್ ಬೇಕೇ ಬೇಕು. ಗರಡಿಯ ಪೈಲ್ವಾನರು ಲಂಗೋಟಿ ಬಿಗಿಯದೆ ಕಣಕ್ಕಿಳಿಯುವುದಿಲ್ಲ. ಬ್ಯಾಟಿಗೆ ಸಾವಿರಗಟ್ಟಲೆ ಸುರಿಯುವ ನಮ್ಮ ಕ್ರಿಕೆಟ್ ಹುಡುಗರಿಗೆ ಮಾತ್ರ ಗಾರ್ಡ್ ಎಂದರೆ ಇನ್ನೂ ತಮಾಷೆ.