ಮೆಸೇಜ್ ಬಂತು, ತಲುಪಲಿಲ್ಲ

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದ ದಿನಗಳವು. ಗೆಳೆಯನೊಬ್ಬ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೆಸರು ಕೊಡುವ ಕೊನೆಯ ದಿನವನ್ನೇ ತಪ್ಪಿಸಿಕೊಂಡ. ಸೂಚನೆಯೇನೋ ಕ್ಲಾಸ್ ಗ್ರೂಪಿಗೆ ಬಂದಿತ್ತು. ಆದರೆ ಅದರ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯಗಳ ರಾಶಿ ಬಿದ್ದಿತ್ತು. ಅದರಲ್ಲಿ ನನ್ನವೂ ಎರಡು ಕೇಕ್ ಇದ್ದವು! ‘ಒಂದ್ಮಾತು ಹೇಳ್ಬಾರ್ದಿತ್ತೇನ್ರೋ’ ಎಂದಷ್ಟೇ ಅಂದ. ಅವತ್ತೇ ನಿರ್ಧರಿಸಿದೆವು, ಪ್ಲೇಸ್‌ಮೆಂಟ್ ಸೂಚನೆ ತಲುಪಿಸುವ ಆ್ಯಪ್ ಮಾಡೋಣವೆಂದು.

ಇಂಥ ಆ್ಯಪ್‌ನ ಬೆನ್ನಿಗೆ ಮೆಸೇಜ್‌ಗಳನ್ನು ಸರದಿಯಲ್ಲಿಟ್ಟು ಸಾಗಿಸುವ ತಂತ್ರಾಂಶ ಬೇಕು. ನನ್ನ ಹಟ ಕಾಫ್ಕಾ ಬೇಕೆಂದು. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಮುಕ್ತ ತಂತ್ರಾಂಶವಾದ, ಲೇಖಕ ಫ್ರಾಂಜ್ ಕಾಫ್ಕಾನ ಹೆಸರು ಹೊತ್ತ ಸಾಧನವದು. ನಿಜ ಹೇಳಬೇಕೆಂದರೆ, ರೆಸ್ಯೂಮೆಯಲ್ಲಿ ಆ ಪದ ಇರಲಿ ಎಂಬ ಆಸೆ. ಕಾಫ್ಕಾ, ಡೇಟಾಬೇಸ್, ಬ್ರೌಸರ್ ಮೂರನ್ನೂ ಒಟ್ಟಿಗೆ ತೆರೆದಾಗ ನನ್ನ 4 ಜಿಬಿ ರ್‍ಯಾಮಿನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟು ನಿಂತಿತು. ಎರಡು ವಾರ ಹಾಗೇ ಹೋಯಿತು.

ತಂಡದ ಗೆಳತಿ 2007ರಿಂದ ಇರುವ ರ್‍ಯಾಬಿಟ್‌ಎಂಕ್ಯು ಹಾಕಿಕೊಟ್ಟಳು. ಎರಡರ ಸ್ವಭಾವವೇ ಬೇರೆ. ರ್‍ಯಾಬಿಟ್ ನಮ್ಮೂರ ಅಂಚೆಯಣ್ಣನಂತೆ, ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಮುಗಿಯಿತು, ಚೀಲದಲ್ಲಿ ಅದು ಉಳಿಯುವುದಿಲ್ಲ. ಕಾಫ್ಕಾ ದೊಡ್ಡ ರಿಜಿಸ್ಟರ್ ಇದ್ದಂತೆ, ಬಂದದ್ದನ್ನೆಲ್ಲ ಸಾಲಾಗಿ ಬರೆದಿಡುತ್ತದೆ, ಓದಿದರೂ ಅಳಿಸುವುದಿಲ್ಲ. ನಾವು ಬದಲಿಸದಿದ್ದರೆ 7 ದಿನ ಇಟ್ಟುಕೊಳ್ಳುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಓದಬಹುದು. ಕ್ಷಣಕ್ಷಣವೂ ಸಾವಿರಾರು ವ್ಯವಹಾರ ನಡೆಸುವ ಕಂಪನಿಗೆ ಅದು ಬೇಕು. ದಿನಕ್ಕೆ ಐದಾರು ಸೂಚನೆ ಬರುವ ಕಾಲೇಜಿಗೆ ಅಂಚೆಯಣ್ಣ ಸಾಕು.

ಆದರೂ ಎಡವಿದೆವು. ಗೈಡ್ ಎದುರು 50 ಮೆಸೇಜ್ ಕಳಿಸಿ, ನಡುವೆ ಬೇಕೆಂದೇ ಪ್ರೋಗ್ರಾಂ ನಿಲ್ಲಿಸಿದೆವು. ಮತ್ತೆ ಶುರು ಮಾಡಿದರೆ ಉಳಿದವು ನಾಪತ್ತೆ! ಆಟೊ ಅಕ್ನಾಲೆಜ್ ಇಟ್ಟಿದ್ದೆವು. ಅಂದರೆ, ಮೆಸೇಜ್ ಕೈಬಿಟ್ಟ ಕೂಡಲೇ ತಲುಪಿತೆಂದು ರ್‍ಯಾಬಿಟ್ ಲೆಕ್ಕ ಬರೆದುಕೊಂಡಿತ್ತು. ನಮ್ಮ ಕ್ಲಾಸ್ ಗ್ರೂಪಿನಲ್ಲಿ ಆಗಿದ್ದೂ ಅದೇ ಅಲ್ಲವೇ? ಇಮೇಲ್ ಹೋದ ಮೇಲಷ್ಟೇ ಒಪ್ಪಿಗೆ ಕೊಡುವಂತೆ ಕೋಡ್ ತಿದ್ದಿದೆವು. ಆಗ ಕೆಲವರಿಗೆ ಒಂದೇ ಸೂಚನೆ ಎರಡು ಸಲ ಹೋಗತೊಡಗಿತು. ಪ್ರತಿ ಸೂಚನೆಗೂ ಒಂದು ಸಂಖ್ಯೆ ಕೊಟ್ಟು, ಕಳಿಸಿದವುಗಳ ಪಟ್ಟಿ ಇಟ್ಟುಕೊಂಡ ಮೇಲೆ ಆ ಕಾಟ ಬಹುಮಟ್ಟಿಗೆ ನಿಂತಿತು.

ಇನ್ನು ನಾಲ್ವರ ಕೆಲಸ ಹಂಚಿಕೆ. ಸ್ಲ್ಯಾಕ್‌ನಲ್ಲಿ ಐದು ಚಾನೆಲ್ ತೆರೆದೆವು, ಮಾತನಾಡಿದ್ದು ಒಂದರಲ್ಲೇ, ಅದೂ ಊಟದ ಬಗ್ಗೆ. ಕೈಹಿಡಿದದ್ದು ಟ್ರೆಲ್ಲೊದ ಮೂರೇ ಕಾಲಂ. ಯಾರ ಕಾರ್ಡ್ ಎಷ್ಟು ದಿನದಿಂದ ಅಲ್ಲೇ ಕೂತಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು, ಆ ನಾಚಿಕೆಯೇ ಕೆಲಸ ಮಾಡಿಸಿತು.

ವೈವಾದಲ್ಲಿ ಪರೀಕ್ಷಕರು ಕೇಳಿದ್ದು ‘ಕಾಫ್ಕಾ ಯಾಕೆ ಬಿಟ್ರಿ?’ ಎಂದೇ. ಹತ್ತು ನಿಮಿಷ ಮಾತನಾಡಿದೆ.

ಆ್ಯಪ್‌ನ ಮೊದಲ ಸೂಚನೆಯನ್ನು ಆ ಗೆಳೆಯನಿಗೇ ಕಳಿಸಿದೆವು. ಅರ್ಧ ನಿಮಿಷದಲ್ಲಿ ‘ನೋಡಿದೆ’ ಬಟನ್ ಒತ್ತಿದ. ಆಮೇಲೆ ಕ್ಲಾಸ್ ಗ್ರೂಪಿಗೆ ಬಂದು ನನಗೊಂದು ಕೇಕ್ ಕಳಿಸಿದ.