ನಡಿಗೆಗೆ ಇಳಿಯುವ ರಕ್ತದೊತ್ತಡ

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಒಂದು ಹೆಣ್ಣುಕುದುರೆಯನ್ನು ಕಟ್ಟಿ ಮಲಗಿಸಿ, ಅದರ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ ಎಂಟು ಅಡಿಗೂ ಮೇಲೆ ಏರಿ ನಿಂತಿತು. 1733ರಲ್ಲಿ ಪ್ರಕಟವಾದ ಈ ಪ್ರಯೋಗ ರಕ್ತದ ಒತ್ತಡವನ್ನು ಕಣ್ಣಿಗೆ ಕಾಣಿಸಿತು. ಕುದುರೆಯ ಪಾಡು ನೆನೆದರೆ ಸಂಕಟವಾಗುತ್ತದೆ, ಅದು ಬೇರೆ ಮಾತು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಪಾದರಸದ ಉಪಕರಣವನ್ನು ಇಟಲಿಯ ವೈದ್ಯ ರೀವಾ-ರೋಚ್ಚಿ ರೂಪಿಸಿದ್ದು 1896ರಲ್ಲಿ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರವಾದ್ದರಿಂದ ಗಿಡ್ಡ ಕೊಳವೆಯೇ ಸಾಕಾಯಿತು. 120 ಮಿ.ಮೀ. ಪಾದರಸವೆಂದರೆ ಎಷ್ಟು ಎತ್ತರದ ನೀರಿನ ಕಂಬ? ವಿದ್ಯಾರ್ಥಿಗಳು ಗುಣಿಸಿ ನೋಡಲಿ. ಉತ್ತರ ಒಬ್ಬ ಆಳಿನ ಎತ್ತರದ ಆಸುಪಾಸು ಬರುತ್ತದೆ.

ಬೇರೆ ಬೇರೆ ದಿನ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ, ದಾಟಿದರೆ, ಅದು ಅಧಿಕ ರಕ್ತದೊತ್ತಡ. ಸಾಮಾನ್ಯವಾಗಿ ಇದಕ್ಕೆ ನೋವೂ ಇಲ್ಲ, ಸುಸ್ತೂ ಇಲ್ಲ. ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ’ ಎನ್ನುವ ಅಪ್ಪನ ಮಿದುಳು, ಹೃದಯ, ಮೂತ್ರಪಿಂಡಗಳ ರಕ್ತನಾಳಗಳು ಸದ್ದಿಲ್ಲದೆ ಹಾಳಾಗುತ್ತಿರುತ್ತವೆ. ಲಕ್ವ ಹೊಡೆದ ಮೇಲಷ್ಟೇ ಬಿ.ಪಿ. ಇದ್ದದ್ದು ತಿಳಿಯುವ ಮನೆಗಳೂ ಇವೆ.

ಬಿರುಸು ನಡಿಗೆ, ಸೈಕಲ್ ತುಳಿತ, ಈಜು ಇವು ಏರೋಬಿಕ್ ವ್ಯಾಯಾಮಗಳು. ಇಲ್ಲಿ ಜಾಣ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು: ಓಡುವಾಗ ಒತ್ತಡ ಏರುತ್ತದಲ್ಲ, ಇಳಿಯುವುದು ಹೇಗೆ? ಏರುವುದು ನಿಜ. ದುಡಿಯುವ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು, ಹೃದಯ ಬಿರುಸಾಗಿ ಒತ್ತುತ್ತದೆ, ಮೇಲಿನ ಅಂಕಿ ಏರುತ್ತದೆ. ಆದರೆ ಹೀಗೆ ರಭಸದಿಂದ ಹರಿಯುವ ರಕ್ತ ನಾಳದ ಒಳಪದರವನ್ನು ಉಜ್ಜಿದಾಗ ಅಲ್ಲಿನ ಕೋಶಗಳು ನೈಟ್ರಿಕ್ ಆಕ್ಸೈಡ್ ಅನಿಲವನ್ನು ಹೊರಬಿಡುತ್ತವೆ. ಅದು ನಾಳದ ಸ್ನಾಯುವನ್ನು ಸಡಿಲಿಸುತ್ತದೆ. ನಾಳ ಹಿಗ್ಗಿದರೆ ಒತ್ತಡ ತಗ್ಗಲೇಬೇಕು. ಈ ಅನಿಲದ ಪಾತ್ರವನ್ನು ಕಂಡುಕೊಂಡ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ವ್ಯಾಯಾಮ ಮುಗಿದ ಮೇಲೂ ಕೆಲವು ಗಂಟೆ ಒತ್ತಡ ಕೆಳಗೇ ಇರುತ್ತದೆ. ವಾರಗಟ್ಟಲೆ ಮುಂದುವರಿಸಿದರೆ ನಾಳಗಳನ್ನು ಬಿಗಿಹಿಡಿಯುವ ನರಗಳ ಆರ್ಭಟವೂ ಇಳಿಯುತ್ತದೆ.

ಲಾಭ ಎಷ್ಟು? ಬಿ.ಪಿ. ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಿಂದ 8 ಮಿ.ಮೀ. ಇಳಿಯುತ್ತದೆ. ಇಷ್ಟೇನೇ ಎಂದು ಮೂಗು ಮುರಿಯಬೇಡಿ. ಒಂದು ಮಾತ್ರೆ ಮಾಡುವ ಕೆಲಸಕ್ಕೆ ಇದು ಹತ್ತಿರ ಬರುತ್ತದೆ. ಹಾಗೆಂದು ನಡಿಗೆ ಆರಂಭಿಸಿದ ಖುಷಿಯಲ್ಲಿ ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದು ಶುದ್ಧ ಅವಿವೇಕ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧ ಅರ್ಧ ಗಂಟೆ ನಡೆದರೆ ಸಾಕು. ಮಾತನಾಡಲು ಬರಬೇಕು, ಹಾಡಲು ಬರಬಾರದು. ವೇಗಕ್ಕೆ ಇದೇ ಅಳತೆ. ಅಂಗಡಿ ಮುಂದೆ ನಿಂತು ಹರಟುವ ಹೊತ್ತನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಲಾಭ ಕರಗುತ್ತದೆ. ಒತ್ತಡ ತೀರಾ ಹೆಚ್ಚಿದ್ದವರು, ಎದೆನೋವು ಬರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು. ಉಸಿರು ಬಿಗಿಹಿಡಿದು ಭಾರ ಎತ್ತುವುದು ಇವರಿಗೆ ತರವಲ್ಲ.

ಮಕ್ಕಳಿಗೂ ಇಲ್ಲೊಂದು ಕೆಲಸವಿದೆ. ಅಳೆಯುವ ಮುಂಚಿನ ಅರ್ಧ ಗಂಟೆ ಅಪ್ಪನಿಗೆ ಕಾಫಿ ಬೇಡ. ಬೆನ್ನು ಆನಿಸಿ ಐದು ನಿಮಿಷ ಮಾತಿಲ್ಲದೆ ಕೂರಿಸಿ, ತೋಳನ್ನು ಎದೆಮಟ್ಟದಲ್ಲಿ ಮೇಜಿನ ಮೇಲಿರಿಸಿ ಅಳೆಯಿರಿ. ಎರಡೂ ಅಂಕಿಗಳನ್ನು ತಾರೀಕಿನೊಡನೆ ಬರೆದಿಟ್ಟು ಮುಂದಿನ ಸಲ ವೈದ್ಯರಿಗೆ ತೋರಿಸಿ.