ಗೋಡೆಯ ಅಳತೆ, ಜೋಳದ ಚೀಲ

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮನೆಮನೆಯ ಗೋಡೆಯನ್ನಳೆದು ಕಪಾಟಿನ ನಕ್ಷೆ ಬರೆದುಕೊಡುವುದು ನನ್ನ ಉದ್ಯೋಗ. ಸಂಬಳವಿಲ್ಲ; ಮಾರಿದುದರ ಮೇಲೆ ಕಮಿಷನ್ ಮಾತ್ರ. ನಕ್ಷೆ ಒಪ್ಪಿಗೆಯಾಗದಿದ್ದರೆ ಬಸ್ಸಿನ ಖರ್ಚೂ ನನ್ನದೇ.

ಈ ಸೀಮೆಯವರಿಗೆ ಕೂಡಿಡುವ ವಿದ್ಯೆಯನ್ನು ನಾನು ಕಲಿಸಬೇಕಾಗಿಲ್ಲ. ಹಿಂದೆ ನೆಲದಲ್ಲಿ ಹಗೇವು ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದೆಡೆಯಲ್ಲಿ ಹುಳು ಬದುಕದಷ್ಟೆ. ದಪ್ಪ ಗೋಡೆಯೊಳಗಣ ಗೂಡಿಗೆ ಶಹಾಬಾದಿನ ಪರಸಿಯೇ ಹಲಗೆ.

ಜೇವರ್ಗಿಯ ಕಡೆ ಮುದುಕಿಯೊಬ್ಬರು ನನ್ನ ನಕ್ಷೆ ನೋಡಿ, "ತಮ್ಮಾ, ಎಲ್ಲಾ ಚಂದ ಅದ. ಜ್ವಾಳದ ಚೀಲ ಎಲ್ಲಿಡ್ಲಿ?" ಎಂದರು. ಗೆದ್ದಲು ಹತ್ತದಂತೆ ಪರಸಿಯ ಕಟ್ಟೆಯೊಂದನ್ನು ಗೌಂಡಿಯಿಂದ ಕಟ್ಟಿಸಿಕೊಳ್ಳಲು ಹೇಳಿ, ಅಷ್ಟು ಗೋಡೆಯನ್ನು ನಕ್ಷೆಯಿಂದ ಬಿಟ್ಟೆ. ಕಮಿಷನ್ ಅರ್ಧಕ್ಕಿಳಿಯಿತು. ಅಂಗಡಿಯ ಯಜಮಾನರಿಗೆ ಇದು ಹಿಡಿಸಲಿಲ್ಲ. ಆ ತಿಂಗಳ ಬಾಡಿಗೆಗೆ ಇನ್ನೆರಡು ಗೋಡೆಗಳಾದರೂ ಸಿಗಬೇಕಿತ್ತು. ಮರುದಿನ ಅಫಜಲಪುರದ ಬಸ್ಸು ಹತ್ತಿದೆ.